ಬೆನ್ನೊ ಕೊಂಡ ಮೈಕು

ತೆಯೊ ತೀರಿಕೊಂಡ ಸುದ್ದಿ ಗುರುವಾರ ಬೆಳಿಗ್ಗೆ, ಬೆನ್ನೊ ಕಾಫಿಗೆ ಹಾಲು ಬೆರೆಸುತ್ತಿದ್ದಾಗ ಬಂತು. ತೆಯೊನ ಹೆಂಡತಿ ರೀತ್ ಬೇಲಿಯಾಚೆ ನಿಂತೇ ಹೇಳಿದಳು.

"ಸಾಯಂಕಾಲ ಚರ್ಚಲ್ಲಿ ಅವನಿಗಾಗಿ ಜಪಮಾಲೆ ಪ್ರಾರ್ಥನೆ ಇದೆ ಕಣೋ. ಗಿಟಾರ್ ನುಡಿಸ್ತೀನಿ ಅಂತ ಅವನಿಗೆ ಮಾತು ಕೊಟ್ಟಿದ್ದೆಯಲ್ಲ."

ಕೊಟ್ಟಿದ್ದು ನಿಜ. ನಲವತ್ತು ವರ್ಷ ತೆಯೊನ ಅಡುಗೆಮನೆಯಲ್ಲಿ ಕೂತು ನುಡಿಸಿದ್ದ ಅದೊಂದೇ ಮಟ್ಟು. ಆದರೆ ಎದುರಿಗೆ ಮೂರಕ್ಕಿಂತ ಹೆಚ್ಚು ಜನ ಇದ್ದರೆ ಬೆನ್ನೊನ ಬೆರಳುಗಳು ಚಳಿಗೆ ಸಿಕ್ಕ ಕೋಳಿಮರಿಗಳಂತೆ ಒಂದರ ಹಿಂದೊಂದು ಅಡಗುತ್ತಿದ್ದವು. ಮನೆಯಲ್ಲೇ ರೆಕಾರ್ಡ್ ಮಾಡಿ ಚರ್ಚಿನಲ್ಲಿ ಕೇಳಿಸಿದರಾಯಿತು, ಮಾತೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ ಎಂದುಕೊಂಡ. ಅದಕ್ಕೊಂದು ಮೈಕು ಬೇಕಿತ್ತು.

ಟ್ವೆಂಟೆ ಸೀಮೆಯ ಹಳ್ಳಿಗಳಲ್ಲಿ ಸಾವಾದರೆ ಹೂವು ತರುವುದರಿಂದ ಹಿಡಿದು ಶವಪೆಟ್ಟಿಗೆ ಹೊರುವ ತನಕ ಎಲ್ಲವೂ ನೆರೆಯವರ ಕೆಲಸ. ಮೈಕು ಕೊಳ್ಳುವುದೂ ಅದರಲ್ಲಿ ಸೇರಿತೆಂದು ಪಕ್ಕದ ಮನೆಯ ಹೆನ್ನಿ, ಎದುರು ಮನೆಯ ಎವರ್ಟ್ ಇಬ್ಬರೂ ಅವನ ಕಾರು ಹತ್ತಿ ಕೂತರು.

ಅಂಗಡಿಯವನು ಮುನ್ನೂರು ಯೂರೋದ ಮೈಕು ತೋರಿಸಿದ.

"ಇಷ್ಟು ದುಡ್ಡು ಕೊಟ್ರೆ ಹಸುನೇ ಹಾಡುತ್ತೆ," ಎಂದ ಎವರ್ಟ್.

"ಹಾಗಾದ್ರೆ ಇದು ತಗೊಳ್ಳಿ, ಅರವತ್ತು. ಗಿಟಾರಿಗೆ ಸಾಕು. ಎದುರಿಗಿರೋದನ್ನ ಚೆನ್ನಾಗಿ ಕೇಳುತ್ತೆ, ಹಿಂದೆ ಇರೋದಕ್ಕೆ ಕಿವುಡು."

"ನನ್ನ ಗಂಡನ ಥರ," ಎಂದಳು ಹೆನ್ನಿ. "ತಗೊಳ್ಳೋ, ಬಾಳಿಕೆ ಬರುತ್ತೆ."

ಮನೆಗೆ ಬಂದು ಮೈಕನ್ನು ನಿಲ್ಲಿಸಿದರು. ಅದರ ಹಣೆಯ ಮೇಲೆ ತಯಾರಕರ ಹೆಸರು ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿತ್ತು.

"ಸಾವಿನ ಕೆಲಸಕ್ಕೆ ಇದೇನು ಮೆರವಣಿಗೆ," ಎಂದು ಹೆನ್ನಿ ಆ ಹೆಸರನ್ನು ಸೋಫಾದ ಕಡೆಗೆ ತಿರುಗಿಸಿಟ್ಟಳು. ಬೆನ್ನೊನಿಗೂ ಅದು ಸರಿಯೆನಿಸಿತು. ಹೊಸ ಕಾರು ಕೊಂಡವರು ಅದನ್ನು ಮನೆಯ ಹಿಂದೆ ನಿಲ್ಲಿಸುವ ಊರು ಅದು.

"ನಾವು ಉಸಿರೂ ಬಿಡಲ್ಲ," ಎಂದು ಇಬ್ಬರೂ ಸೋಫಾದಲ್ಲಿ ಕೂತರು. ಬೆನ್ನೊ ಮೈಕಿನ ಇನ್ನೊಂದು ಬದಿಯಲ್ಲಿ ಕೂತು, ಕಣ್ಣು ಮುಚ್ಚಿ, ಮೈಮರೆತು ನುಡಿಸಿದ. ಜೀವಮಾನದಲ್ಲಿ ಮೊದಲ ಸಲ ಒಂದೂ ತಪ್ಪಾಗಲಿಲ್ಲ. ಮತ್ತೆ ಕೇಳಿ ನೋಡುವಷ್ಟರಲ್ಲಿ ಚರ್ಚಿನ ಗಂಟೆ ಹೊಡೆಯಿತು.

ಜಪಮಾಲೆ ಮುಗಿದ ಮೇಲೆ ರೆಕಾರ್ಡ್ ಹಾಕುವಂತೆ ಪಾದ್ರಿಗಳು ತಲೆಯಾಡಿಸಿ ಸನ್ನೆ ಮಾಡಿದರು. ಧ್ವನಿವರ್ಧಕದಲ್ಲಿ ಗಿಟಾರು ಬಾವಿಯ ತಳದಿಂದ ಬಂದಂತೆ ಕ್ಷೀಣವಾಗಿ ಕೇಳಿಸಿತು. ಅದರ ಮೇಲೆ ಯಾರೋ ಬಿಸ್ಕತ್ತು ಕಡಿದ ಸದ್ದು. ಆಮೇಲೆ, ಕಿವಿಯಲ್ಲೇ ಹೇಳಿದಷ್ಟು ಸ್ಪಷ್ಟವಾಗಿ, ಹೆನ್ನಿಯ ಪಿಸುಮಾತು:

"ಪಾಪ, ತೆಯೊ ಇದನ್ನ ನಲವತ್ತು ವರ್ಷ ಹೇಗೆ ತಡಕೊಂಡನೋ."

"ಅವನಿಗೆ ಎಡಗಿವಿ ಕೇಳಿಸ್ತಿರಲಿಲ್ಲ ಕಣೆ," ಎಂದಿತು ಎವರ್ಟನ ದನಿ. "ಇವನನ್ನ ಯಾವಾಗಲೂ ಆ ಕಡೆಗೇ ಕೂರಿಸ್ತಿದ್ದ."

ಬಂಗಾರದ ಹೆಸರಿದ್ದ ಕಡೆಯೇ ಮೈಕಿನ ಮುಖವೆಂದು ಬೆನ್ನೊನಿಗೆ ಆಗ ಹೊಳೆಯಿತು. ತೆಯೊನ ಅಡುಗೆಮನೆಯಲ್ಲಿ ತನ್ನ ಕುರ್ಚಿ ಯಾವ ಕಡೆಗಿತ್ತೆಂಬುದೂ ನೆನಪಾಯಿತು. ಚರ್ಚಿನಲ್ಲಿ ಎಲ್ಲರೂ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದರು. ಭುಜಗಳು ಮಾತ್ರ ಕುಲುಕುತ್ತಿದ್ದವು. ಎಲ್ಲರಿಗಿಂತ ಹೆಚ್ಚು ಕುಲುಕುತ್ತಿದ್ದುದು ರೀತ್‌ಳ ಭುಜ. ಅವಳು ಕಣ್ಣೊರೆಸಿಕೊಂಡು ತಿರುಗಿದಳು.

"ಆ ರೆಕಾರ್ಡ್ ನಿಲ್ಸಿ. ಬೆನ್ನೊ, ಎದ್ದು ಬಂದು ನೀನೇ ನುಡಿಸೋ."

ಚರ್ಚಿನ ಗಾಯಕವೃಂದದ ಗಿಟಾರು ಅವನ ಕೈಗೆ ಬಂತು. ಇನ್ನೂರು ಕಣ್ಣುಗಳ ಮುಂದೆ ಕೋಳಿಮರಿಗಳು ದಿಕ್ಕಿಗೊಂದಾಗಿ ಓಡಿದವು. ಹೇಗೋ ಕೊನೆ ಮುಟ್ಟಿಸಿ, ಬೆವರು ಒರೆಸಿಕೊಳ್ಳುತ್ತ ಬಂದು ಕೂತ. ಹೆನ್ನಿ ಅವನ ಮಂಡಿ ತಟ್ಟಿದಳು.

"ರೆಕಾರ್ಡೇ ವಾಸಿಯಾಗಿತ್ತು ಬಿಡು."

ಬೆನ್ನೊ ಮೊಣಕಾಲೂರಿ ಕೈ ಜೋಡಿಸಿದ. ಕರ್ತನೇ, ನಿನ್ನ ದಾಸ ತೆಯೊನಿಗೆ ನಿತ್ಯ ವಿಶ್ರಾಂತಿಯನ್ನು ಕೊಡು. ಅವನ ಎರಡೂ ಕಿವಿಗಳಲ್ಲಿ ನಿನ್ನ ದೂತರ ಹಾಡು ತುಂಬಲಿ. ಅವನು ನನ್ನ ವಿಷಯದಲ್ಲಿ ತೋರಿದ ತಾಳ್ಮೆಯನ್ನು ನೆನೆದು, ಅವನ ಆತ್ಮವನ್ನು ನಿನ್ನ ಶಾಂತಿಯಲ್ಲಿ ಇರಿಸು. ಆಮೆನ್.