ಗುರ್ತ ಹತ್ತಲಿಲ್ಲೇನ್ರಿ?

ನನ್ನ ಹೆಂಡತಿಯ ತಮ್ಮನನ್ನು ನೀವು ನೋಡಿಯೇ ಇರುತ್ತೀರಿ. ಇಲ್ಲ ಅನ್ನಬೇಡಿ! ಅಥಣಿಯ ಸಂತೆಯಲ್ಲಿ ನಿಮಗೆ ಬದನೆಕಾಯಿ ತೂಗಿಕೊಟ್ಟ ಅಜ್ಜಿ, ಕಾಗವಾಡದ ಬಸ್ಸಿನಲ್ಲಿ ನಿಮ್ಮ ಹೆಗಲ ಮೇಲೆ ತೂಕಡಿಸಿದ ಕಬ್ಬು ಕಡಿಯುವವ, ಚಿಕ್ಕೋಡಿಯಲ್ಲಿ ಯಾವುದೋ ಕಚೇರಿಯ ಮೆಟ್ಟಿಲ ಮೇಲೆ ಕೊಡೆ ಹಿಡಿದು ಕೂತಿದ್ದ ಮಾಸ್ತರ, ಇವರಲ್ಲಿ ಒಬ್ಬರಾದರೂ ಅವನೇ. ನಿಮಗೆ ಗುರ್ತು ಹತ್ತಲಿಲ್ಲ, ಅಷ್ಟೇ. ಬೇಜಾರಾಗಬೇಡಿ. ಈ ಸೀಮೆಯಲ್ಲಿ ಅವನನ್ನು ಯಾವ ವೇಷದಲ್ಲೂ ಕಂಡುಹಿಡಿಯಬಲ್ಲ ಚಾಣಾಕ್ಷ ನಾನೊಬ್ಬನೇ. (ಎರಡು ಸಲ ನಾನೂ ಮೋಸಹೋಗಿದ್ದೇನೆ. ಅದನ್ನು ಹೇಳುವುದಿಲ್ಲ.)

ಅವನು ಫೋಟೋಗ್ರಾಫರ್. ಮದುವೆ, ಸೀಮಂತಗಳಲ್ಲಿ ಊಟಕ್ಕಿಂತ ಮೊದಲು ಬಂದು ಊಟ ಮುಗಿದ ಮೇಲೆ ಹೋಗುವ ಫೋಟೋಗ್ರಾಫರ್ ಅಲ್ಲ, ಕಲಾವಿದ! ಬೇರೆಯವರ ಬಟ್ಟೆ ತೊಟ್ಟು, ಬೇರೆಯವರಂತೆ ಕೂತು, ತನ್ನ ಫೋಟೋ ತಾನೇ ತೆಗೆದುಕೊಳ್ಳುವುದು ಅವನ ಕಲೆ.

"ಮನಷ್ಯಾ ಅಂದ್ರ ಯಾಂವ ಅಂತ ಹುಡಕಾಕತ್ತೇನಿ ಮಾವ," ಅನ್ನುತ್ತಿದ್ದ.

"ಮದಲ ನನ್ನ ಧೋತರ ಹುಡಕಿ ಕೊಡಲೇ," ಅನ್ನುತ್ತಿದ್ದೆ. ಅವನು ಬಂದುಹೋದ ಮೇಲೆ ನಮ್ಮ ಮನೆಯ ಗೂಟಗಳೆಲ್ಲ ಬೋಳು!

ಈ ಹುಚ್ಚು ಎಲ್ಲಿಂದ ಹತ್ತಿತೆಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಅವನು ತೊಟ್ಟಿಲಲ್ಲಿರುವಾಗಲೇ ಅವನ ತಾಯಿ ತೀರಿಕೊಂಡರು. ನನ್ನ ಹೆಂಡತಿಗೆ ಆಗ ಐದು ವರ್ಷ. ಆ ತಾಯಿ ಒಮ್ಮೆಯೂ ಕ್ಯಾಮೆರಾದ ಮುಂದೆ ನಿಂತವರಲ್ಲ. ನಮ್ಮ ಕಡೆ ಪಕ್ಷಮಾಸದಲ್ಲಿ ಹೋದವರ ಫೋಟೋ ಇಟ್ಟು ಎಡೆ ಹಿಡಿಯುತ್ತೇವಲ್ಲ, ಅವರ ಮನೆಯಲ್ಲಿ ಫೋಟೋ ಇಡುವ ಜಾಗದಲ್ಲಿ ಒಂದು ಹಳೆಯ ಇಳಕಲ್ ಸೀರೆ ಮಡಿಸಿ ಇಡುತ್ತಿದ್ದರು. ಸೀರೆಗೆ ಕುಂಕುಮ, ಸೀರೆಗೆ ಹೋಳಿಗೆ.

"ಅವ್ವನ ದನಿ ನೆನಪೈತ್ರಿ, ಕೈ ನೆನಪೈತಿ," ಎಂದು ನನ್ನ ಹೆಂಡತಿ ಹೇಳುತ್ತಾಳೆ. "ಮಾರಿ ಅಷ್ಟ, ನೀರಾಗ ಅಲ್ಲಾಡಿದಂಗ ಆಗತೈತಿ. ಹಿಡ್ಯಾಕ ಹೋದ್ರ ಇಲ್ಲ."

ಊರಿನ ಹಿರಿಯರೆಲ್ಲ ಹುಡುಗನ ಗದ್ದ ಹಿಡಿದು, "ನಿಂದು ಪಕ್ಕಾ ಅವ್ವನ ಮಾರಿ ನೋಡಪಾ" ಅನ್ನುತ್ತಿದ್ದರು. ಮೀಸೆ ಚಿಗುರುವ ಹೊತ್ತಿಗೆ ಅವನ ಕೈಗೊಂದು ಕ್ಯಾಮೆರಾ ಬಂತು. ಅದರಲ್ಲಿ ಅವನು ತೆಗೆದ ಮೊದಲ ಫೋಟೋ ಯಾವುದು ಗೊತ್ತೇ? ಬೆಳಗಿನ ಜಾವ ಸತ್ತಿ ಎಂಬ ಊರಿನ ಹತ್ತಿರ ಕೃಷ್ಣೆಯ ದಂಡೆಗೆ ಹೋಗಿ, ಅವ್ವನ ಸೀರೆ ಉಟ್ಟು, ಮಂಜಿನಲ್ಲಿ ನಿಂತ. ಹೊಳೆ ಕಾಣುವುದಿಲ್ಲ, ಆಚೆ ದಂಡೆ ಕಾಣುವುದಿಲ್ಲ. ಮಂಜೊಳಗಿಂದ ಒಂದು ಸೀರೆ ನಡೆದು ಬರುತ್ತಿದೆ, ಅದಕ್ಕೊಂದು ಮುಖವಿದೆ. ಅಕ್ಕನ ಕೈಗೆ ಕೊಟ್ಟ. ಅವಳು ಬಹಳ ಹೊತ್ತು ನೋಡಿದಳು.

"ಇಲ್ಲಪಾ. ಇದು ಅವ್ವ ಅಲ್ಲ."

ಅಷ್ಟೇ! ಹಟಕ್ಕೆ ಬಿದ್ದ. ಪ್ರತಿ ವರ್ಷ ಪಕ್ಷಮಾಸಕ್ಕೆ ಮೊದಲು ಸತ್ತಿಗೆ ಹೋಗಿ ಸೀರೆ ಉಡುವುದು, ಅಕ್ಕನಿಗೆ ತೋರಿಸುವುದು, ಅವಳು ಅಲ್ಲ ಅನ್ನುವುದು. ಇನ್ನೊಬ್ಬರಾಗುವುದನ್ನು ಮೊದಲು ಕಲಿಯಬೇಕೆಂದು, ಉಳಿದ ಹನ್ನೊಂದು ತಿಂಗಳು ಸಿಕ್ಕಸಿಕ್ಕವರಾಗತೊಡಗಿದ. ಅಜ್ಜಿ, ಮಾಸ್ತರ, ಕಬ್ಬು ಕಡಿಯುವವ ಎಲ್ಲ ತಾಲೀಮು! ಜಗತ್ತು ಆ ತಾಲೀಮನ್ನೇ ಕಲೆ ಎಂದು ಕರೆಯಿತು.

ಅವನಿಗೆ ಮದುವೆ ಮಾಡಬೇಕೆಂದು ನನ್ನ ಹೆಂಡತಿ ರಾಯಬಾಗದ ಕಡೆಯ ಒಂದು ಹೆಣ್ಣು ನೋಡಿದಳು. ಹುಡುಗನ ಫೋಟೋ ಕಳಿಸಿರೆಂದರು. ಆ ಕೆಲಸವನ್ನು ಅವಳು ನನಗೆ ಒಪ್ಪಿಸಿದಳು. ತಪ್ಪು ಯಾರದು, ನೀವೇ ಹೇಳಿ! ಹಲ್ಲಿಗೆ ಮಸಿ ಬಳಿದುಕೊಂಡು ಬದನೆಕಾಯಿ ಅಜ್ಜಿಯಾಗಿ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದ ಫೋಟೋವನ್ನು ಲಕೋಟೆಯಲ್ಲಿಟ್ಟು, ಅಂಟು ಹಚ್ಚಿ, ಅಂಚೆಗೆ ಹಾಕಿ ಬಂದೆ. ವಾರದೊಳಗೆ ಉತ್ತರ ಬಂತು: "ಹುಡುಗನ ಅಜ್ಜಿ ಬಹಳ ಲಕ್ಷಣವಾಗಿದ್ದಾರೆ. ಹುಡುಗನ ಫೋಟೋ ಹಾಕಲು ಮರೆತಿದ್ದೀರಿ."

ಆ ಸಂಬಂಧ ಮುಂದುವರಿಯಲಿಲ್ಲ. ಅವನು ಬೇರೆ ಹೆಣ್ಣನ್ನೂ ನೋಡಲಿಲ್ಲ. ಹೆಂಡತಿ ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ಅವನು ಮಾತ್ರ ಆ ಪತ್ರಕ್ಕೆ ಕಟ್ಟು ಹಾಕಿಸಿ ತನ್ನ ಸ್ಟುಡಿಯೋದಲ್ಲಿ ತೂಗುಹಾಕಿದ. "ಮಾವ, ಇದು ನನ್ನ ಕಲಾಕ್ಕ ಬಂದ ಮದಲನೇ ಶಾಬಾಸಕಿ!"

ಮಂಗಸೂಳಿಯಲ್ಲಿ ಮಲ್ಲಯ್ಯನ ಗುಡಿಯ ಮುಂದೆ ಭಕ್ತರು ಭಂಡಾರ ಹಾರಿಸುತ್ತಾರಲ್ಲ, ಅರಿಷಿಣದ ಪುಡಿ, ಅದರ ನಡುವೆ ಅವನೊಂದು ಮಧ್ಯಾಹ್ನ ನಿಂತ. ಆ ಫೋಟೋದಲ್ಲಿ ಗಾಳಿಯೇ ಹಳದಿ. ಬಿಸಿಲು ಹಳದಿ, ಮೆಟ್ಟಿಲು ಹಳದಿ, ಮುಗಿದ ಕೈಗಳು ಹಳದಿ. ಜನರು ಕನಸಿನಲ್ಲಿ ಕಂಡವರ ಹಾಗೆ ಅರ್ಧ ಮೂಡಿ ಅರ್ಧ ಕರಗಿದ್ದಾರೆ. ನಾನು ಕನ್ನಡಕ ಒರೆಸಿ ಒರೆಸಿ ನೋಡಿದೆ.

"ಇದರಾಗ ನೀ ಎಲ್ಲಿ ಅದೀಲೇ?"

"ಅದ ನೋಡ ಮಾವ! ಇದೊಂದರಾಗ ನೀ ಯಾಂವ, ಯಾವ ಊರಾಂವ ಅಂತ ಯಾರೂ ಕೇಳಂಗಿಲ್ಲ."

"ಮತ್ತ ನಾ ಈಗ ಕೇಳಿದ್ನೆಲ್ಲಲೇ!"

ಅದು ಸಮುದ್ರ ದಾಟಿ ಯಾವುದೋ ದೇಶದ ಗೋಡೆ ಏರಿತು. ನನ್ನ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ವರ್ಷದ ಚಳಿಗಾಲದಲ್ಲಿ ಒಂದು ಸಂಜೆ ಇಬ್ಬರೂ ಕಾಗವಾಡಕ್ಕೆ ಹೊರಟಿದ್ದೆವು. ಫೋಟೋ ತೆಗೆಯಬೇಕೆಂದು ಅವನು ಅಥಣಿಯಲ್ಲೇ ಮೀಸೆ ಬೋಳಿಸಿ, ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದಿದ್ದ. ಕಂಡಕ್ಟರ್ ಬಂದ.

"ಆಯಿ, ಆಧಾರ್ ಕಾರ್ಡ್ ತಗೀರಿ."

ಸೀರೆಯಲ್ಲಿದ್ದೇನೆಂಬುದನ್ನೇ ಮರೆತು ಈ ಮಹಾಶಯ ತನ್ನ ಕಾರ್ಡು ತೆಗೆದುಕೊಟ್ಟ! ಅದರಲ್ಲಿ ಗಿರಿಜಾ ಮೀಸೆ. ಕಂಡಕ್ಟರ್ ಕಾರ್ಡು ನೋಡಿದ, ಇವನನ್ನು ನೋಡಿದ, ಮತ್ತೆ ಕಾರ್ಡು ನೋಡಿದ.

"ಇದು ನೀವಲ್ಲ."

ಇವನಿಗೆ ಆನಂದವೋ ಆನಂದ! "ಹೌದ್ರಿ! ಮೂವತ್ತ ವರ್ಷದಿಂದ ಎಲ್ಲಾರಿಗೂ ಇದನ್ನ ಹೇಳಾಕತ್ತೇನಿ. ನಿಮಗೊಬ್ಬರಿಗೆ ತಿಳೀತ ನೋಡ್ರಿ!"

ಕಂಡಕ್ಟರ್ ನನ್ನ ಕಡೆ ತಿರುಗಿದ. "ಏನ್ರಿ ಯಜಮಾನ್ರ, ಇವರು ನಿಮ್ಮ ಮನ್ಯಾಗಿನವರೇನು?"

ಇಂಥ ಅವಕಾಶ ಬಿಡುವ ಪೈಕಿಯೇ ನಾನು? "ನನ್ನ ಹೇಣ್ತಿ ನೋಡ್ರಿ. ಮೀಸಿ ತಗಸಿದ ಮ್ಯಾಲ ನನಗೂ ಗುರ್ತ ಹತ್ತವಲ್ದು!"

ಮುಂದಿನ ನಿಲ್ದಾಣದಲ್ಲಿ ನಮ್ಮಿಬ್ಬರನ್ನೂ ಇಳಿಸಿದರು. ನಡೆದೆವು. ಎರಡೂ ಕಡೆ ಕಬ್ಬು ಬೆಳ್ಳಗೆ ಹೂಬಿಟ್ಟಿತ್ತು. ಇಳಿಬಿಸಿಲಿಗೆ ಹೊಲದ ಮೇಲೆ ಮೋಡ ಬಂದು ಕೂತಂತೆ ಕಾಣುತ್ತಿತ್ತು. ಸೀರೆ ಎತ್ತಿ ಹಿಡಿದು ಅವನು ಮುಂದೆ ನಡೆಯುತ್ತಿದ್ದ. ಒಂದು ಗಳಿಗೆ, ಸುಳ್ಳು ಹೇಳುವುದಿಲ್ಲ, ನಾನು ಎಂದೂ ನೋಡದ ನನ್ನ ಅತ್ತೆ ಮುಂದೆ ಹೋಗುತ್ತಿದ್ದಾರೇನೋ ಅನ್ನಿಸಿತು. ಅವನಿಗೆ ಹೇಳಲಿಲ್ಲ. ಹೇಳಿದ್ದರೆ ತಲೆಯ ಮೇಲೆ ಕೂರುತ್ತಿದ್ದ.

ನಿಪ್ಪಾಣಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಅವನ ಪ್ರದರ್ಶನವಾಯಿತು. ಅದರಲ್ಲಿ ನಾನೂ ಇದ್ದೆ! ಅಂದರೆ, ನನ್ನ ಟೋಪಿ, ನನ್ನ ಕೋಟು, ನನ್ನ ಡೊಳ್ಳುಹೊಟ್ಟೆ ತೊಟ್ಟ ಅವನಿದ್ದ. ನಾನು ಅದರ ಪಕ್ಕದಲ್ಲೇ ಎದೆಯುಬ್ಬಿಸಿ ನಿಂತೆ. ಒಬ್ಬ ಹೆಣ್ಣುಮಗಳು ಬಂದರು. ಫೋಟೋ ನೋಡಿದರು, ನನ್ನನ್ನು ನೋಡಿದರು.

"ಕಲಾವಿದರು ನೀವ ಏನ್ರಿ? ಇವತ್ತೂ ವೇಷ ಹಾಕ್ಕೊಂಡ ಬಂದೀರಿ! ಖರೇ ಹೇಳ್ಲಿ? ಫೋಟೋದಾಗ ಭಾಳ ಛಲೋ ಬಂದೈತಿ. ಇದು ಸ್ವಲ್ಪ ನಕಲಿ ಅನಸತೈತಿ."

ಎಪ್ಪತ್ತು ವರ್ಷ ನಾನಾಗಿಯೇ ಬದುಕಿ ಬಂದ ಫಲ ಇದು! ನಾನೇನು ಕುಗ್ಗಿದೆನೇ? "ಹೌದ್ರಿ ಬಾಯಿ, ತಯಾರಿ ಸಾಲಲಿಲ್ಲ" ಎಂದು ಅವರ ವಹಿಯ ಮೇಲೆ ಅವನ ಹೆಸರಿನಲ್ಲಿ ಸಹಿ ಹಾಕಿಕೊಟ್ಟೆ. ಆಮೇಲೆ ಇನ್ನೂ ನಾಲ್ಕು ಜನ ಸಾಲು ನಿಂತರು.

ಹೊಗಳಿಕೆ ಬಂತು, ದೂರದ ಊರುಗಳಿಂದ ಕ್ಯಾಮೆರಾ ಹೊತ್ತ ಹುಡುಗಿಯರು ಹುಡುಗರು ಅವನ ಕಾಲು ಮುಟ್ಟಲು ಬಂದರು. ಅಕ್ಕ ಮಾತ್ರ ಹೋದ ವರ್ಷವೂ ಸತ್ತಿಯ ಫೋಟೋ ಹಿಡಿದು, "ಇಲ್ಲಪಾ" ಅಂದಳು.

ಅವನು ಕ್ಯಾಮೆರಾವನ್ನು ಚೀಲಕ್ಕೆ ತುಂಬುತ್ತ ಹೇಳಿದ: "ನನಗ ವಯಸ್ಸಾತಕ್ಕಾ. ಅವ್ವಗ ಇಷ್ಟ ವಯಸ್ಸ ಆಗಲೇ ಇಲ್ಲ. ಇನ್ನ ಎಲ್ಲಿ ಹೊಂದತೈತಿ ಬಿಡು."

ಈ ವರ್ಷದ ಪಕ್ಷಮಾಸಕ್ಕೆ ಅವನಿರಲಿಲ್ಲ. ಮಳೆಗಾಲದ ಒಂದು ಮುಂಜಾನೆ ಸ್ಟುಡಿಯೋದ ಕುರ್ಚಿಯಲ್ಲಿ ಕೂತವನು ಎದ್ದಿರಲಿಲ್ಲ.

ಎಡೆ ಹಿಡಿಯಲು ಅವನದೊಂದು ಫೋಟೋ ಬೇಕಾಯಿತು. ಹಾಸಿಗೆಯ ಮೇಲೆ ರಾಶಿ ಸುರಿದೆವು. ಸಾವಿರಾರು ಫೋಟೋ, ಎಲ್ಲದರಲ್ಲೂ ಅವನೇ, ಒಂದರಲ್ಲೂ ಅವನಿಲ್ಲ! ಆಧಾರ್ ಕಾರ್ಡಿನದೂ ಅವನಲ್ಲವೆಂದು, ಆ ಕಂಡಕ್ಟರ್‌ನಂತೆಯೇ, ಹೆಂಡತಿ ಪಕ್ಕಕ್ಕಿಟ್ಟಳು.

"ನನ್ನ ವೇಷದ್ದ ಹಾಕೂಣ," ಅಂದೆ ನಾನು. "ಜೀಂವ ಇದ್ದಾಗಲೇ ನನಗೂ ಒಂದ ಹೂವಿನ ಮಾಲಿ ಬೀಳಲಿ."

ಅವಳು ನಗಲಿಲ್ಲ. ಸತ್ತಿಯ ಫೋಟೋಗಳನ್ನಷ್ಟೇ ಆರಿಸಿ ಸಾಲಾಗಿ ಹರವಿದಳು. ಅದೇ ಮಂಜು, ಅದೇ ಸೀರೆ. ಮುಖ ಮಾತ್ರ ಎಳೆಯದರಿಂದ ಮುದಿಯಾಗುತ್ತ ಹೋಗಿತ್ತು.

"ವರ್ಷಾ ವರ್ಷಾ ನಾ 'ಇದು ಅವ್ವ ಅಲ್ಲ' ಅಂತಿದ್ನೆಲ್ರಿ, ಯಾಕಂತ ಗೊತ್ತೇನು?"

"ಅವ್ವನಂಗ ಕಾಣಲಿಲ್ಲಂತ."

"ಅವ್ವನ ಮಾರಿ ನನಗ ಎಲ್ಲಿ ನೆನಪೈತ್ರಿ, ಹೊಂದೈತೋ ಇಲ್ಲೋ ಹೇಳಾಕ? ಯಾವದ ಹಿಡದ್ರೂ ಇಂವನ ಕಾಣತಿದ್ದ. ಮಂದಿ ಬಟ್ಟ್ಯಾಗ ಯಾರ್ಯಾರೋ ಆಗತಿದ್ದ. ಅವ್ವನ ಸೀರ್ಯಾಗ ಮಾತ್ರ ನನ್ನ ತಮ್ಮನ ಆಗತಿದ್ದ."

ಕೊನೆಯ ವರ್ಷದ್ದಕ್ಕೆ ಕಟ್ಟು ಹಾಕಿಸಿದೆವು. ಮನೆಗೆ ಬಂದವರು ಗೋಡೆ ನೋಡಿ ಕೈಮುಗಿದು, "ಇವರು ನಿಮ್ಮ ತಾಯಿಯವರೇನ್ರಿ?" ಎಂದು ಕೇಳುತ್ತಾರೆ. ನನ್ನ ನಾಲಗೆ ಎಷ್ಟು ತುರಿಸುತ್ತದೆಂದು ನಿಮಗೇನು ಗೊತ್ತು! ಆದರೂ ಸುಮ್ಮನಿರುತ್ತೇನೆ.

"ನನ್ನ ತಮ್ಮ," ಅನ್ನುತ್ತಾಳೆ ಅವಳು. ಬಂದವರು ಹೋದ ಮೇಲೆ ಗೋಡೆಯ ಹತ್ತಿರ ನಿಂತು, "ಸೆರಗ ನೆಟ್ಟಗ ಹೊತ್ಕೊಳಾಕ ಕಡೀತನಕಾ ಕಲೀಲಿಲ್ಲ ನೋಡ, ಖೋಡಿ," ಎಂದು ಗದರುತ್ತ, ಗಾಜಿನ ಮೇಲೆ ಬೆರಳಿಟ್ಟು ಅವನ ಭುಜದಿಂದ ಜಾರಿದ ಸೆರಗನ್ನು ಮೇಲಕ್ಕೆಳೆಯುತ್ತಾಳೆ.