ಬಿಗಿ ಚಡ್ಡಿಯ ಭಾನುವಾರ

ಎಲ್ಲದಕ್ಕೂ ಕಾರಣ ಒಂದು ಹೋಳಿಗೆ. ಮೂರು ವರ್ಷದ ಹಿಂದೆ ಶಿವರಾಮನ ಗೃಹಪ್ರವೇಶದ ಊಟದಲ್ಲಿ ಅದು ತನ್ನ ಎಲೆ ದಾಟಿ ಪಕ್ಕದ ಎಲೆಗೆ ಬಿತ್ತೆಂದು ರಾಜೇಂದ್ರ ಅರ್ಧ ಊಟಕ್ಕೇ ಎದ್ದುಬಂದಿದ್ದ. ಒಂದೇ ಸೈಕಲ್ಲಿನಲ್ಲಿ ಡಬಲ್ ಹೊಡೆದುಕೊಂಡು ಹೈಸ್ಕೂಲು ಮುಗಿಸಿದ ಗೆಳೆಯರು, ಆಮೇಲೆ ಸಾಗರದ ಪೇಟೆಯಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದರು. ಐವತ್ತು ದಾಟಿದ ಗಂಡಸರು, ನಾಚಿಕೆ ಬೇಡವೇ!

ಈಗ ಶಿವರಾಮ ಸೈಕಲ್ ಬಳಗ ಸೇರಿದ್ದ. "ಭಾನುವಾರ ಹೊನ್ನೆಮರಡಿಗೆ ಹೋಗೋದು, ರಾಜೇಂದ್ರನೂ ಬರ್ಲಿ" ಎಂದು ಅವನೇ ಹೇಳಿ ಕಳಿಸಿದಾಗ ರಾಜೇಂದ್ರ ಕೂಡಲೇ ಒಪ್ಪಿದ. ತಪ್ಪು ತನ್ನದೇ ಎಂದು ಹೇಳಿ ಮುಗಿಸಿಬಿಡಬೇಕು. ಆದರೆ ಬಳಗದ ಫೋಟೋಗಳಲ್ಲಿ ಶಿವರಾಮ ಕೆಂಪು ಬಿಗಿ ಅಂಗಿ, ಕಪ್ಪು ಕನ್ನಡಕದಲ್ಲಿ ಮಿಂಚುತ್ತಿದ್ದ. ಅವನ ಪಕ್ಕ ಪಂಚೆ ಉಟ್ಟು ಅದೇ ಹಳೇ ಸೈಕಲ್ ತುಳಿಯುವುದು ಹೇಗೆ?

ಹೊಸ ಸೈಕಲ್ ಅಂಗಡಿಯ ಸಚಿನ್ ಗೇರ್ ಸೈಕಲ್ ಬಾಡಿಗೆಗೆ ಕೊಟ್ಟ. ಹೆಲ್ಮೆಟ್ಟು, ಡ್ರೆಸ್ಸನ್ನೂ ಮಾರಿಯೇ ಬಿಟ್ಟ. "ಈಗ ಸೈಕಲ್ಲಿಗಿಂತ ಡ್ರೆಸ್ಸೇ ಜಾಸ್ತಿ ಹೋಗ್ತದೆ ಅಣ್ಣಾ."

ಭಾನುವಾರ ಬೆಳಿಗ್ಗೆ ಕನ್ನಡಿ ನೋಡಿಕೊಂಡ ರಾಜೇಂದ್ರ ಬೆಚ್ಚಿಬಿದ್ದು, ಬಿಗಿ ಚಡ್ಡಿಯ ಮೇಲೊಂದು ಪಂಚೆ ಸುತ್ತಿಕೊಂಡ. ಹೆಂಡತಿ ಆಶಾ ನಗು ತಡೆಯಲಾರದೆ ಸೆರಗು ಬಾಯಿಗೊತ್ತಿಕೊಂಡಳು. ಗೇಟು ದಾಟುವಷ್ಟರಲ್ಲೇ ಪಂಚೆ ಚೈನಿಗೆ ಸಿಕ್ಕು ಪರ್ರನೆ ಹರಿಯಿತು. ಎದುರುಮನೆಯ ಜಲಜಮ್ಮ ಪೊರಕೆ ಹಿಡಿದೇ ಓಡಿಬಂದರು.

"ಅಯ್ಯೋ ರಾಜೇಂದ್ರಣ್ಣ, ಹಿಂದ್ಗಡೆ ಎಂತ ಅದು ಊದಿದ್ದು? ಡಾಕ್ಟ್ರಿಗೆ ತೋರ್ಸಿದ್ರಾ?"

"ಊದಿದ್ದಲ್ಲ ಮಾರಾಯ್ರೆ, ಚಡ್ಡಿಯೊಳಗಿನ ಮೆತ್ತೆ!"

"ಮೆತ್ತೆ ಕಟ್ಕೊಂಡು ಎಲ್ಲಿಗೆ ಹೊರಟ್ರಿ?"

ಈ ವಿಚಾರಣೆ ಮುಗಿಯುವಷ್ಟರಲ್ಲಿ ಬಳಗ ಹೊರಟುಹೋಗಿತ್ತು. ರಾಜೇಂದ್ರ ತಾಳಗುಪ್ಪ ರಸ್ತೆಯಲ್ಲಿ ಬಿದ್ದೆನೋ ಎದ್ದೆನೋ ಎಂದು ತುಳಿದ. ಊರು ದಾಟುವಲ್ಲಿ, ದೂರದಲ್ಲಿ ಕೆಂಪು ಅಂಗಿ ಕಂಡಿತು. ಅಷ್ಟರಲ್ಲಿ ಮೋರಿಯ ಹತ್ತಿರ, ಮಂಗನ ಟೊಪ್ಪಿ ಹಾಕಿ ಪಂಚೆ ಎತ್ತಿಕಟ್ಟಿದ ಯಾರೋ ಹಳೇ ಸೈಕಲ್ ಅಡ್ಡ ನಿಲ್ಲಿಸಿಕೊಂಡು ಊರಿನ ಕಡೆಗೇ ಇಣುಕುತ್ತಿದ್ದ.

"ಏಯ್, ದಾರಿ ಬಿಡೋ! ಸೈಕಲ್ ಹೊಡಿಯೋಕೆ ಬರದಿದ್ರೆ ಮನೇಲಿ ಬಿದ್ಕೋ!" ಏದುಸಿರಿನಲ್ಲಿ ರಾಜೇಂದ್ರನ ದನಿ ಅವನಿಗೇ ಗುರುತು ಸಿಗುವಂತಿರಲಿಲ್ಲ.

ಬಹಳ ದೂರ ತುಳಿದ ಮೇಲೆ ಅಂತೂ ಕೆಂಪು ಅಂಗಿಯ ಪಕ್ಕ ತಲುಪಿದ. ಮುಖ ನೋಡುವ ಧೈರ್ಯವಾಗದೆ ರಸ್ತೆ ನೋಡುತ್ತಲೇ ಹೇಳಿದ: "ತಪ್ಪು ನಂದೇ ಮಾರಾಯ. ಒಂದು ಹೋಳಿಗೆಗೋಸ್ಕರ ನಿನ್ನ ಬಿಟ್ನಲ್ಲ. ಮೂರು ವರ್ಷ ಹಾಳು ಮಾಡ್ದೆ." ಹೇಳುತ್ತ ಕಣ್ಣು ತುಂಬಿತು.

"ಯಾವ ಹೋಳಿಗೆ ಅಣ್ಣಾ?"

ಕಪ್ಪು ಕನ್ನಡಕ ತೆಗೆದವನು ಸಚಿನ್ ಅಂಗಡಿಯಲ್ಲಿ ಕೆಲಸಕ್ಕಿರುವ ದುರ್ಗೇಶ್! "ಶಿವರಾಮಣ್ಣ ಇವತ್ತು ಡ್ರೆಸ್ಸೇ ಹಾಕ್ಲಿಲ್ಲ. ರಾಜೇಂದ್ರ ಪಂಚೇಲಿ ಬರ್ತಾನೆ, ಅವ್ನೊಬ್ನಿಗೇ ಮುಜುಗರ ಆಗ್ಬಾರ್ದು ಅಂತ ತಾನೂ ಪಂಚೆ ಉಟ್ಟು ಮೋರಿ ಹತ್ರ ಕಾಯ್ತಿದ್ರಲ್ಲ, ನೋಡ್ಲಿಲ್ವಾ?"

ರಾಜೇಂದ್ರ ಸೈಕಲ್ ತಿರುಗಿಸಿ ಬಂದ. ಮೋರಿಯ ಹತ್ತಿರ ಯಾರೂ ಇರಲಿಲ್ಲ. ಆಗಲೇ ಆಶಾಳ ಫೋನು ಬಂತು.

"ಶಿವರಾಮಣ್ಣ ಮನೆಗೆ ಬಂದಿದ್ರು ಕಣ್ರೀ, ಹೋಳಿಗೆ ಡಬ್ಬಿ ಹಿಡ್ಕೊಂಡು. ನೀವು ಹೊರಟಾಯ್ತು ಅಂದ್ರೂ ನಂಬ್ಲಿಲ್ಲ. 'ಅವ್ನ ಸೈಕಲ್ ಗೋಡೆಗೆ ಒರಗಿಸಿದ್ದು ಕಾಣ್ತದಲ್ಲ ತಂಗಿ, ನನ್ ಮುಖ ನೋಡೋಕೆ ಅವ್ನಿಗೆ ಇಷ್ಟ ಇಲ್ಲ, ಇನ್ನು ಕರೆಯೋದಿಲ್ಲ' ಅಂದು ಡಬ್ಬಿ ವಾಪಸ್ ತಗೊಂಡು ಹೋದ್ರು. ಪಾಪ, ಮೊದಲೇ ಬೇಜಾರಲ್ಲಿದ್ರು. ದಾರೀಲಿ ಯಾರೋ ಬಿಗಿ ಚಡ್ಡಿಯವ್ನು ಬಾಯಿಗೆ ಬಂದ ಹಾಗೆ ಬೈದು ಹೋದ್ನಂತೆ. ಯಾರ್ರೀ ಅದು?"

"ಗೊತ್ತಿಲ್ಲ" ಎಂದ ರಾಜೇಂದ್ರ.

ತಾನು ಬಂದಿದ್ದೆನೆಂದು ಶಿವರಾಮನಿಗೆ ಹೇಳಬೇಕಾದರೆ, ಆ ಚಡ್ಡಿಯವನು ತಾನೇ ಎಂದೂ ಹೇಳಬೇಕು. ಮೋರಿಯ ಕಟ್ಟೆಯ ಮೇಲೆ ಬಹಳ ಹೊತ್ತು ಕೂತೇ ಇದ್ದ. ಮೆತ್ತೆ ಇದ್ದುದರಿಂದ ಕಲ್ಲೇನೂ ಒತ್ತಲಿಲ್ಲ.