ಹನ್ನೆರಡು ಗಂಟೆಯ ಚಂಡಮಾರುತ

ಅಮ್ಮ ಹೋಗಿಬಿಟ್ಟಿದ್ದಾಳೆಂದು ಗುಮಾಸ್ತನಿಗೆ ತಿಳಿದದ್ದು ಬೆಳಗಿನ ಆರು ಗಂಟೆಗೆ, ಬಿಸಿನೀರಿನ ಲೋಟ ಹಿಡಿದು ಅವಳ ಕೋಣೆಗೆ ಹೋದಾಗ. ಮೊದಲು ಅಕ್ಕನಿಗೆ ಫೋನ್ ಮಾಡಿದ.

"ಮೂರು ಗಂಟೆ ಬಸ್ಸಿಗೆ ಬಂದುಬಿಡ್ತೀನಿ ಕಣೋ," ಎಂದಳು ಅಕ್ಕ, ಅಳುತ್ತ. "ನಾನು ಬರೋವರೆಗೂ ಅಮ್ಮನ ಮುಖ ಮುಚ್ಚಬೇಡ."

"ಇಲ್ಲಕ್ಕಾ. ನಿನ್ನಾಣೆ."

ಎಂಟು ಗಂಟೆಗೆ ಮನೆ ತುಂಬ ಜನ. ಪಕ್ಕದ ಮನೆಯ ನಿವೃತ್ತ ಸರ್ವೇಯರ್ ಚಪ್ಪಲಿ ಬಿಡುವ ಮೊದಲೇ ಆಕಾಶ ನೋಡಿದರು. "ವಾಯುಭಾರ ಕುಸಿತ ಅಂತ ರೇಡಿಯೋದಲ್ಲಿ ಹೇಳಿದ್ರು. ಸ್ಮಶಾನದ ದಾರೀಲಿರೋ ಸೇತುವೆ ಮುಳುಗಿದ್ರೆ ಏನಪ್ಪಾ ಮಾಡ್ತೀಯಾ? ಎರಡು ದಿನ ಅಮ್ಮನ್ನ ಮನೇಲೇ ಇಟ್ಕೋತೀಯಾ?"

"ಅದಕ್ಯಾಕೆ ಯೋಚನೆ?" ಎಂದಳು ಚಿಕ್ಕಮ್ಮ, ಮೂಗೊರೆಸಿಕೊಂಡು. "ನಮ್ಮ ಹುಡುಗ ಚಂಡಮಾರುತದ ಆಫೀಸರ್ ಅಲ್ವಾ!"

ಆಫೀಸರನಲ್ಲ. ಬಂದರು ಕಚೇರಿಯಲ್ಲಿ ಅವನು ಬರೀ ಗುಮಾಸ್ತ. ಚಂಡಮಾರುತದ ಜಾಡು ಹಿಡಿಯುವ ಸಾಫ್ಟ್‌ವೇರ್ ಒಂದನ್ನು ಆರಿಸುವ ಕೆಲಸ ಅವನ ತಲೆಗೆ ಬಿದ್ದು ಎಂಟು ತಿಂಗಳಾಗಿತ್ತು. ಮೂರು ಕಂಪನಿಗಳ ಕೈಪಿಡಿಗಳನ್ನು ಮುಂದಿಟ್ಟುಕೊಂಡು ನಲವತ್ತೊಂದು ಕಲಮುಗಳ ಪಟ್ಟಿ ಮಾಡಿದ್ದ. ವಾರಂಟಿಗೆ ಇಷ್ಟು ಅಂಕ, ತರಬೇತಿಗೆ ಇಷ್ಟು, ಕೈಪಿಡಿಯ ರಟ್ಟಿನ ದಪ್ಪಕ್ಕೆ ಇಷ್ಟು. ಆದರೆ ಮೂರು ಸಾಫ್ಟ್‌ವೇರ್‌ಗಳಲ್ಲಿ ಒಂದನ್ನೂ ತೆರೆದು ನೋಡಿರಲಿಲ್ಲ. ದಡದಲ್ಲಿ ಬೆನ್ನು ತಿರುಗಿಸಿ ಕೂತು ಈಜುವವರಿಗೆ ಅಂಕ ಹಾಕುವವನ ಹಾಗೆ ನಡೆದಿತ್ತು ಅವನ ಕೆಲಸ.

ಕಚೇರಿಯ ಲ್ಯಾಪ್‌ಟಾಪ್ ಮನೆಯಲ್ಲೇ ಇತ್ತು. ಸರ್ವೇಯರ್ ಅದನ್ನು ಅಮ್ಮನ ಕಾಲಬಳಿ ಕುರ್ಚಿಯ ಮೇಲಿಟ್ಟು, ಮೂರು ಸಾಫ್ಟ್‌ವೇರ್‌ಗಳನ್ನೂ ಒಂದೊಂದಾಗಿ ತೆರೆದರು. ಮೊದಲನೆಯದು ಗುಪ್ತಪದ ಕೇಳಿ ಮುಖ ತಿರುಗಿಸಿತು. ಎರಡನೆಯದು ತಿಳಿನೀಲಿ. ನಾಳೆ ಸಂಜೆ ತುಂತುರು ಎಂದಿತು. ಮೂರನೆಯದು ತೆರೆದದ್ದೇ ತಡ, ಕೆಂಪು ಸುಳಿಯೊಂದು ಗಿರಗಿರನೆ ತಿರುಗುತ್ತ ಕೂಗಿಕೊಂಡಿತು: ಹನ್ನೆರಡಕ್ಕೆ ದಡಕ್ಕಪ್ಪಳಿಸಲಿದೆ!

ಜನ ಮುತ್ತಿಕೊಂಡರು. ಅಮ್ಮನ ಕಾಲು ಮುಟ್ಟಲು ಬಗ್ಗಿದವರು ಹಾಗೆಯೇ ಪರದೆ ನೋಡಿ ಎದ್ದರು.

"ನೀಲೀನೇ ನಂಬೋಣ. ಮಗಳು ಬರ್ತಿದಾಳೆ, ಪಾಪ," ಎಂದ ದರ್ಜಿ.

"ಇಷ್ಟು ಕೆಂಪಗಿರೋದು ಸುಳ್ಳು ಹೇಳುತ್ತೇನ್ರೀ?" ಎಂದರು ಔಷಧಿ ಅಂಗಡಿಯವರು.

ಸರ್ವೇಯರ್ ಕೈಯೆತ್ತಿದರು. "ಸುಮ್ನಿರ್ರಪ್ಪಾ. ಎಂಟು ತಿಂಗಳು ಇದರಲ್ಲೇ ಮುಳುಗಿದ್ದೋನು ಇಲ್ಲಿದಾನೆ. ನೀನೇ ಹೇಳಯ್ಯ, ಯಾವುದು ಮೇಲು?"

ಎಲ್ಲರೂ ಅವನತ್ತ ತಿರುಗಿದರು. 'ನನಗೆ ಗೊತ್ತಿಲ್ಲ' ಎಂದರೆ ಮುಗಿದಿತ್ತು. ಆದರೆ ಇಷ್ಟು ಜನ ಬಾಯಿ ಮುಚ್ಚಿ ತನ್ನ ಮಾತಿಗೆ ಕಾದದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ನಮ್ಮ ಪಟ್ಟಿಯಲ್ಲಿ... ಕೆಂಪಿನದಕ್ಕೇ ಹೆಚ್ಚು ಅಂಕ," ಎಂದು ಕೆಮ್ಮಿದ.

"ಹಾಗಾದ್ರೆ ಎತ್ರಪ್ಪಾ!"

ಎತ್ತಿದರು. ಸರ್ವೇಯರ್ ತೆರೆದ ಲ್ಯಾಪ್‌ಟಾಪನ್ನು ಹಸುಗೂಸಿನಂತೆ ತೋಳಲ್ಲಿಟ್ಟುಕೊಂಡು, ಮೇಲೆ ಕೊಡೆ ಹಿಡಿಸಿಕೊಂಡು ಮುಂದೆ ನಡೆದರು. "ವೇಗ ಜಾಸ್ತಿಯಾಗಿದೆ! ಹೆಜ್ಜೆ ಹಾಕಿ, ಹೆಜ್ಜೆ ಹಾಕಿ!" ಮಂಡಿನೋವಿನಿಂದ ಹತ್ತು ವರ್ಷ ಕೋಲೂರಿ ನಡೆದಿದ್ದ ಅಮ್ಮ ಅಂದು ಸೇತುವೆಯನ್ನು ಓಟದಲ್ಲಿ ದಾಟಿದಳು. ಹನ್ನೊಂದೂಕಾಲಿಗೆ ಎಲ್ಲವೂ ಮುಗಿದು ಮಣ್ಣು ಮುಚ್ಚಿದ್ದಾಯಿತು.

ಹನ್ನೆರಡಕ್ಕೆ ಬೀದಿಯ ಎಲ್ಲ ಕಿಟಕಿಗಳಿಗೂ ಚಿಲಕ ಬಿದ್ದಿತ್ತು. ಹನ್ನೆರಡೂಕಾಲಿಗೆ ಒಂದು ಒಣಗಿದ ಎಲೆ ಉದುರಿತು. ಎರಡಕ್ಕೆ ಚಿಕ್ಕಮ್ಮ ಒದ್ದೆ ಬಟ್ಟೆಗಳನ್ನು ಅಂಗಳದಲ್ಲಿ ಹರವಿದಳು. ಅರ್ಧ ಗಂಟೆಯಲ್ಲಿ ಗರಿಗರಿಯಾಗಿ ಒಣಗಿದವು.

ಮೂರೂಕಾಲಿಗೆ ಅಕ್ಕ ಬಂದಳು. ಬರಿದಾದ ಮಂಚ ನೋಡಿದಳು. ತಮ್ಮ ತಡವರಿಸುತ್ತ ಚಂಡಮಾರುತದ ಕತೆ ಹೇಳಿದ. ಅವಳು ಬಾಗಿಲಿಗೆ ಹೋಗಿ ಆಕಾಶ ನೋಡಿದಳು.

ಅಷ್ಟರಲ್ಲಿ ಹೂಗುಚ್ಛ ಹಿಡಿದು, ಇಸ್ತ್ರಿ ಅಂಗಿಯ ಯುವಕನೊಬ್ಬ ಒಳಗೆ ಬಂದ. ಮೂರನೆಯ ಕಂಪನಿಯ ಮಾರಾಟಗಾರ. "ಕಚೇರೀಲಿ ವಿಷಯ ತಿಳೀತು ಸಾರ್, ತುಂಬ ಬೇಜಾರಾಯ್ತು," ಎಂದವನ ಕಣ್ಣು ಕುರ್ಚಿಯ ಮೇಲೆ ಬಿತ್ತು. ಕೆಂಪು ಸುಳಿ ಇನ್ನೂ ತಿರುಗುತ್ತಿತ್ತು. ಮುಖ ಅರಳಿತು. "ಓ, ನಮ್ಮದನ್ನೇ ತೆರೆದಿದೀರಾ! ಮಾದರಿ ಹೇಗಿದೆ ಸಾರ್?"

"ಮಾದರಿ?"

"ಹೌದು ಸಾರ್, ತೋರಿಸೋಕೆ ಅಂತಲೇ ಮಾಡಿರೋ ಚಂಡಮಾರುತ. ದಿನಾ ಸರಿಯಾಗಿ ಹನ್ನೆರಡಕ್ಕೆ ಬರುತ್ತೆ. ಸಾಹೇಬರುಗಳು ಊಟಕ್ಕೆ ಏಳೋ ಮುಂಚೆ ನೋಡಿಬಿಡ್ಲಿ ಅಂತ. ನಿಜವಾದ ಗಾಳಿ ಬೇಕಂದ್ರೆ ತಾವು ರುಜು ಹಾಕ್ಬೇಕು."

ಸರ್ವೇಯರ್ ಸದ್ದಿಲ್ಲದೆ ತಮ್ಮ ಚಪ್ಪಲಿ ಹುಡುಕತೊಡಗಿದರು. ಮಾರಾಟಗಾರ ಹೂವನ್ನು ಎಲ್ಲಿಡಬೇಕೆಂದು ತಿಳಿಯದೆ ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟು ಹೋದ.

ಅಕ್ಕ ತಮ್ಮನ ಎದುರು ಕೂತಳು. "ಹೋಗಲಿ ಬಿಡು. ಕೊನೆಗೆ ಅಮ್ಮನ ಮುಖ ಹೇಗಿತ್ತು, ಅದನ್ನಾದ್ರೂ ಹೇಳು. ನೋವು ಕಾಣ್ತಿತ್ತಾ? ನಿದ್ದೆ ಮಾಡಿದ ಹಾಗಿದ್ಳಾ?"

ಅವನು ಬಾಯಿ ತೆರೆದ. ಮುಸುಕು ಬೆಳಕಿನಲ್ಲಿ ಹೊದಿಕೆ ಕಂಡದ್ದು ನೆನಪಿತ್ತು, ಕೈಯಲ್ಲಿದ್ದ ಲೋಟ ನೆನಪಿತ್ತು. ಆಮೇಲಿನದಕ್ಕೆ ಕಣ್ಣು ಮುಚ್ಚಿ ತಡಕಾಡಿದ. ಒಂದು ಕೆಂಪು ಸುಳಿಯಷ್ಟೇ ಗಿರಗಿರನೆ ತಿರುಗಿತು.

"ನಾನು ನೋಡಲಿಲ್ಲಕ್ಕಾ," ಎಂದ.

ಭಗವಂತ ಆ ತಾಯಿಯ ಆತ್ಮಕ್ಕೆ ಶಾಂತಿ ಕೊಡಲಿ. ಅಲ್ಲಿಯಾದರೂ ಯಾರೂ ಅವಳಿಗೆ ಅವಸರ ಮಾಡದಿರಲಿ. ಅವಳ ಮುಖವನ್ನು ಕಣ್ತುಂಬ ನೋಡುವಷ್ಟು ಹೊತ್ತು ಯಾರಾದರೂ ಅವಳ ಬಳಿ ಕೂತಿರಲಿ.